ಬೀಗರ ಪಾಲಿನ ವಿಮೆ

ಇದನ್ನು ಬರೆಯಬೇಕೆಂದು ಹೊರಟು ಎರಡು ವರ್ಷವಾಯಿತು. ಪ್ರತಿ ಸಲವೂ ಏನೋ ಅಡ್ಡ ಬಂತು ಎಂದು ನನಗೆ ನಾನೇ ಹೇಳಿಕೊಂಡೆ. ಅವರೆಕಾಯಿ ಕಾಲ, ಮನೆ ತುಂಬ ಸಿಪ್ಪೆ, ಕೂತು ಬರೆಯಲು ಜಾಗವಿಲ್ಲ ಅಂದುಕೊಂಡೆ. ಅವರೆಕಾಯಿ ಮುಗಿದು ಮಾವಿನಹಣ್ಣು ಬಂತು, ಅದೂ ಮುಗಿಯಿತು. ನಿಜ ಹೇಳಬೇಕೆಂದರೆ ಅಡ್ಡ ಬಂದವನು ನಾನೇ. ಇವತ್ತು ಬೆಳಿಗ್ಗೆ ಬಾಗಿಲ ಹಿಂದೆ ನೇತುಹಾಕಿದ್ದ ಹೆಲ್ಮೆಟ್ಟು ತೆಗೆದು ಧೂಳು ಒರೆಸುತ್ತಿದ್ದಾಗ ಒಳಗಿನಿಂದ ಹರಳೆಣ್ಣೆಯ ವಾಸನೆ ಬಂತು. ನಾನು ತಲೆಗೆ ಎಣ್ಣೆ ಹಚ್ಚುವವನಲ್ಲ. ಹಚ್ಚುವಂಥದ್ದು ಅಲ್ಲಿ ಏನೂ ಉಳಿದಿಲ್ಲ. ಅದು ನಮ್ಮ ಬೀಗರು ನನಗೆಂದು ಕೊಟ್ಟ ಅವರದೇ ಹೆಲ್ಮೆಟ್ಟು. ಬೀಗರೆಂದರೆ ನನ್ನ ಸೊಸೆ ಪವಿತ್ರಳ ತಂದೆ. ಆ ವಾಸನೆ ಮೂಗಿಗೆ ಹತ್ತಿದ ಮೇಲೆ ಇನ್ನು ತಪ್ಪಿಸಿಕೊಳ್ಳುವುದು ಬೇಡ ಅನ್ನಿಸಿ ಕೂತಿದ್ದೇನೆ. ನೀವೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ. ಒಬ್ಬನೇ ಹೇಳಿಕೊಳ್ಳುವಷ್ಟು ಧೈರ್ಯ ನನಗಿಲ್ಲ.

ನಾನು ಹತ್ತನೇ ಕ್ಲಾಸು ಮುಗಿಸಿ, ರಾಜಾಜಿನಗರದ ಕಾರ್ಖಾನೆಗಳ ಕಡೆ ಹೋಗಿ ಲೇತ್ ಮೆಷಿನ್ನಿನ ಮುಂದೆ ನಿಂತವನು. ಆಮೇಲೆ ನನ್ನದೇ ಒಂದು ಸಣ್ಣ ವರ್ಕ್‌ಶಾಪು ಮಾಡಿಕೊಂಡೆ, ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿದೆ. ಕಬ್ಬಿಣದ ಜೊತೆ ಬದುಕಿದವರಿಗೆ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಕೈಗೆ ಸಿಗದ್ದು ಯಾವುದೂ ನಿಜವಲ್ಲ ಅನ್ನಿಸುತ್ತದೆ. ಯಾರಾದರೂ ಮನಸ್ಸು ಸರಿಯಿಲ್ಲ ಎಂದರೆ, ಕೆಲಸಕ್ಕೆ ಬರದಿರಲು ಇವನಿಗೆ ಜ್ವರ ಎನ್ನುವಷ್ಟೂ ಬುದ್ಧಿಯಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ನನ್ನ ಮಗ ಮಂಜು ಹೈಸ್ಕೂಲು ಮೇಷ್ಟ್ರು. ಅವನು ಮೆಚ್ಚಿದ ಹುಡುಗಿ ಪವಿತ್ರ. ಅವಳ ತಂದೆಯದು ಮಲ್ಲತ್ತಹಳ್ಳಿಯ ಹಳೇ ಒಕ್ಕಲುತನದ ಮನೆ. ಹೊಲವೆಲ್ಲ ಲೇಔಟಾಗಿ, ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮಾತುಕತೆಗೆ ಹೋಗುವ ಮೊದಲು ನನ್ನ ಕಿವಿಗೆ ಒಂದು ಸುದ್ದಿ ಬಿದ್ದಿತ್ತು. ಹೊಲ ಹೋದ ವರ್ಷ ಹುಡುಗಿಯ ತಂದೆ ಮಾತು ಬಿಟ್ಟು ಮಂಚ ಹಿಡಿದಿದ್ದರಂತೆ, ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರಂತೆ. ಅದನ್ನು ಹುಡುಗಿಯ ಕಡೆಯವರು ಮುಚ್ಚಿಯೂ ಇಟ್ಟಿರಲಿಲ್ಲ. ಬೇರೆಯವರು ಅಪೆಂಡಿಕ್ಸ್ ಆಪರೇಷನ್ನಿನ ಕಥೆ ಹೇಳುವ ಹಾಗೆ ಆ ಮನುಷ್ಯ ತಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ನನಗೆ ಅಷ್ಟು ಸಾಕಿತ್ತು. ಎರಡೂ ಕಡೆಯ ಹಿರಿಯರು ತುಂಬಿದ್ದ ಹಜಾರದಲ್ಲಿ, ಕೈಯಲ್ಲಿ ಅವರ ಮನೆಯದೇ ಕಾಫಿ ಹಿಡಿದುಕೊಂಡು, ಅವರ ಮುಖಕ್ಕೇ ಕೇಳಿದೆ:

“ನಿಮಗೆ ತಲೆ ಕೆಟ್ಟಿತ್ತಂತಲ್ಲ, ಅದು ನಾಳೆ ನಮ್ಮ ಮನೆ ಮಕ್ಕಳಿಗೂ ಬಂದ್ರೆ ಯಾರ್ರೀ ಜವಾಬ್ದಾರಿ?”

ಅಡುಗೆಮನೆಯ ಬಾಗಿಲಲ್ಲಿ ಚಕ್ಕುಲಿ ತಟ್ಟೆ ಹಿಡಿದು ಪವಿತ್ರ ನಿಂತಿದ್ದಳು. ಅವಳ ತಂದೆ ನನ್ನನ್ನು ನೋಡಿ, ಕೋಪವೇ ಇಲ್ಲದ ದನಿಯಲ್ಲಿ ಹೇಳಿದರು: “ಬಂದ್ರೆ ಡಾಕ್ಟ್ರು ಅವ್ರೆ ಬಿಡಿ ಬೀಗ್ರೇ. ನನ್ನನ್ನೇ ಸರಿ ಮಾಡಿದೋರು ಮಕ್ಳುನ್ನ ಮಾಡಕಿಲ್ವಾ? ಕಾಫಿ ಆರೋಯ್ತದೆ, ಕುಡೀರಿ.”

ಮಾತುಕತೆ ಇನ್ನೂ ಮುಗಿದಿರಲಿಲ್ಲ, ಆಗಲೇ ನನ್ನನ್ನು ಬೀಗರು ಮಾಡಿಕೊಂಡುಬಿಟ್ಟಿದ್ದರು. ಮಂಜು ಹಟ ಹಿಡಿದ, ಮದುವೆ ಆಯಿತು. ಆ ಮಾತನ್ನು ಅವರೂ ಎತ್ತಲಿಲ್ಲ, ಪವಿತ್ರಳೂ ಎತ್ತಲಿಲ್ಲ. ಯಾರೂ ಎತ್ತದಿದ್ದರೆ ಮರೆತಿದ್ದಾರೆ ಎಂದುಕೊಳ್ಳುವುದು ನನ್ನಂಥವರಿಗೆ ಬಹಳ ಅನುಕೂಲ.

ಆಮೇಲೆ ವರ್ಷಗಳು ಕಳೆದು, ಮೆಷಿನ್ನುಗಳನ್ನು ಮಾರಿ ವರ್ಕ್‌ಶಾಪಿಗೆ ಬೀಗ ಹಾಕಿದೆ. ಒಂದು ಬೆಳಿಗ್ಗೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಹೀರೇಕಾಯಿ ಆರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಕೈಯೆಲ್ಲ ಬೆವೆತು, ಸತ್ತೇ ಹೋದೆ ಅನ್ನಿಸಿ ಅಲ್ಲೇ ಕುಸಿದು ಕೂತೆ. ಹೂ ಮಾರುವ ಹೆಂಗಸು ಹೂವಿಗೆ ಚಿಮುಕಿಸುವ ನೀರನ್ನೇ ನನ್ನ ಮುಖಕ್ಕೂ ಚಿಮುಕಿಸಿದಳು. ಪವಿತ್ರ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ಹೃದಯದಲ್ಲಿ ಏನೂ ಇಲ್ಲ, ಇದು ಗಾಬರಿಯ ಕಾಯಿಲೆ, ಮನೋವೈದ್ಯರನ್ನು ಕಾಣಿ ಎಂದರು. ಹೃದಯದಲ್ಲೇ ಏನಾದರೂ ಇದ್ದಿದ್ದರೆ ಎಷ್ಟು ಮರ್ಯಾದೆಯಾಗಿರುತ್ತಿತ್ತು ಎಂದು ಆ ಗಳಿಗೆಯಲ್ಲೂ ಅಂದುಕೊಂಡೆ.

ವಾಪಸು ಬರುವಾಗ ಆಟೋದಲ್ಲಿ ಪವಿತ್ರ, ತನ್ನ ಆಫೀಸಿನ ಆರೋಗ್ಯವಿಮೆಯಲ್ಲಿ ನಾನೂ ನಮ್ಮಾಕೆಯೂ ಇದ್ದೇವೆ, ಮನಸ್ಸಿನ ಡಾಕ್ಟರ ಖರ್ಚೂ ಅದರಲ್ಲೇ ಸೇರಿದೆ, ಬಿಪಿಗೆ ಹೋಗಿ ಬಂದ ಹಾಗೆ ಹೋಗಿ ಬಂದರಾಯಿತು ಎಂದಳು. ಮಾತು ತಪ್ಪಿಸಲು, ನಿಮ್ಮಪ್ಪ ಅಮ್ಮನೂ ಅದರಲ್ಲಿ ಇದ್ದಾರಾ ಎಂದು ಕೇಳಿದೆ. ಇಲ್ಲವಂತೆ. ಹೆತ್ತವರನ್ನು ಸೇರಿಸಬಹುದು, ಇಲ್ಲವೇ ಅತ್ತೆ ಮಾವನನ್ನು. ಎರಡೂ ಕಡೆಯವರನ್ನು ಸೇರಿಸುವ ಹಾಗಿಲ್ಲ.

“ಮತ್ತೆ ಅವರನ್ನ ಬಿಟ್ಟು ನಮ್ಮನ್ನ ಯಾಕಮ್ಮ ಹಾಕಿದೆ?”

“ಅಪ್ಪನೇ ಹೇಳಿದ್ದು ಮಾವ. ಒಂದೇ ಮನೇಲಿ ಇರೋರು, ಮೊದ್ಲು ಅವರನ್ನ ನೋಡ್ಕೋ ಅಂದ್ರು.”

ಮನೆ ತಲುಪುವವರೆಗೂ ನಾನು ಆಟೋದಿಂದ ಹೊರಗೇ ನೋಡುತ್ತಿದ್ದೆ.

ಹಾಗಂತ ಬುದ್ಧಿ ಬಂತು ಎಂದುಕೊಳ್ಳಬೇಡಿ. ವಿಮೆಯ ಸಹಾಯವಾಣಿಗೆ ಹೇಳಿದರೆ ಅವರೇ ಡಾಕ್ಟರನ್ನು ಗೊತ್ತುಮಾಡುತ್ತಾರೆ ಎಂದು ಪವಿತ್ರ ನಂಬರು ಒತ್ತಿ ಫೋನು ನನ್ನ ಕೈಗಿಟ್ಟು ಆಫೀಸಿಗೆ ಹೋದಳು. ಆ ಕಡೆಯ ಹುಡುಗಿ ವಿನಯದಿಂದ ಯಾವ ಡಾಕ್ಟರು ಬೇಕು ಸಾರ್ ಎಂದಳು. ಅಡುಗೆಮನೆಯಲ್ಲಿ ನಮ್ಮಾಕೆ, ಗೇಟಿನಲ್ಲಿ ತರಕಾರಿಯವನು, ಅವನ ಹತ್ತಿರ ಚೌಕಾಸಿ ಮಾಡುತ್ತ ಎದುರುಮನೆಯ ಶ್ರೀಕಂಠಯ್ಯ. ನನ್ನ ಬಾಯಿಂದ ಹೊರಟದ್ದು ಮಂಡಿ ನೋವು ಎಂದು. ಎಡಗಡೆಯದಾ, ಬಲಗಡೆಯದಾ ಎಂದಳು. ಎರಡೂ ಅಂದೆ. ಹೇಗೂ ಸುಳ್ಳು, ಜಿಪುಣತನ ಯಾಕೆ? ನಮ್ಮಾಕೆ ಕೈ ಹಿಡಿದು ಕರೆದುಕೊಂಡು ಹೋದಳು. ಮೂಳೆ ಡಾಕ್ಟರು ನನ್ನ ಮಂಡಿಗಳನ್ನು ಮಡಚಿ, ಬಿಚ್ಚಿ, ತಟ್ಟಿ ನೋಡಿ, ಈ ವಯಸ್ಸಿನಲ್ಲಿ ಇಂಥ ಮಂಡಿ ತಾವು ಕಂಡಿಲ್ಲ ಎಂದು ಪಕ್ಕದ ಕೋಣೆಯ ಡಾಕ್ಟರನ್ನೂ ಕರೆದು ತೋರಿಸಿದರು. ಆ ಹೊಗಳಿಕೆ ಹೊತ್ತು ಹೊರಗೆ ಬಂದವನು ಮೆಟ್ಟಿಲ ಮೇಲೆಯೇ ಮತ್ತೆ ಎದೆ ಹಿಡಿದು ಕೂತೆ.

ವಿಷಯ ತಿಳಿದು ಪವಿತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತಾನೇ ಮನೋವೈದ್ಯರನ್ನು ಗೊತ್ತುಮಾಡಿ ಅವರಪ್ಪನಿಗೆ ಫೋನು ಮಾಡಿದಳು. ಬೀಗರು ಹಳೇ ಸ್ಕೂಟರಿನಲ್ಲಿ ಎರಡು ಹೆಲ್ಮೆಟ್ಟು ಇಟ್ಟುಕೊಂಡು ಬಂದರು. ನಾನು ಬಾಗಿಲಲ್ಲೇ ನಿಂತು, ಇವತ್ತು ಬೇಡ, ಬಿಸಿಲು ಜಾಸ್ತಿ ಎಂದೆ.

“ಮಂಡಿ ಬೋ ಗಟ್ಟಿ ಐತಂತೆ. ಸ್ಕೂಟ್ರು ಹತ್ತಕ್ಕೆ ಅಷ್ಟು ಸಾಕು, ಬನ್ನಿ.”

ಹೀಗೆ ನನ್ನ ಚಿಕಿತ್ಸೆ ಶುರುವಾಯಿತು. ಕ್ಲಿನಿಕ್ಕು ವಿಜಯನಗರದಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ. ಎಲ್ಲ ಬಗೆಯ ಡಾಕ್ಟರೂ ಒಂದೇ ಕಡೆ ಕೂರುವ ಜಾಗ ಅದು. ನಾನು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ, ಮದುವೆಗೆ ಹೊರಟವನ ಹಾಗೆ ಕೂತಿದ್ದೆ. ಹಲ್ಲಿನ ಡಾಕ್ಟರ ಬಾಗಿಲ ಮುಂದೆ ದವಡೆ ಹಿಡಿದು ಕೂತಿದ್ದವರು ಯಾರು ಅಂತೀರಿ? ಶ್ರೀಕಂಠಯ್ಯನವರೇ. ಅದೇ ಗಳಿಗೆಗೆ ಕೌಂಟರಿನ ಹುಡುಗಿ ನನ್ನ ಹೆಸರು ಕೂಗಿ, ಮನೋವೈದ್ಯರಿಗೆ ಬಂದಿರೋರು ಬನ್ನಿ ಎಂದಳು. ನಾನು ಕಲ್ಲಿನ ಹಾಗೆ ಕೂತೆ. ಬೀಗರು ನನ್ನ ಮುಖವನ್ನೂ ಶ್ರೀಕಂಠಯ್ಯನವರ ಮುಖವನ್ನೂ ನೋಡಿ ಎದ್ದು ನಿಂತು, ‘ಬಂದೆ ಕಣವ್ವ’ ಎಂದರು.

ಶ್ರೀಕಂಠಯ್ಯ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ನಿಮ್ಮ ಬೀಗರಿಗೆ ಮತ್ತೆ ಶುರುವಾಯ್ತಾ, ಪಾಪ?”

“ಹೂಂ, ಏನು ಮಾಡೋದು,” ಅಂದೆ.

ಬೀಗರು ಎರಡು ಹೆಜ್ಜೆ ದೂರದಲ್ಲೇ ಇದ್ದರು, ಕೇಳಿಸಿತ್ತು. ಶ್ರೀಕಂಠಯ್ಯನವರು ಹಲ್ಲಿನ ಡಾಕ್ಟರ ಕೋಣೆಗೆ ಹೋದ ಮೇಲೆ, ಬೆನ್ನ ಮೇಲೆ ಕೈಯಿಟ್ಟು ನನ್ನನ್ನು ಒಳಗೆ ಕಳಿಸಿ, ತಾವು ಕೆಳಗಿಳಿದು ಬೇಕರಿಗೆ ಹೋದರು. ಅವತ್ತು ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಾಗ ಅವರೇ ಹಿಂದೆ ತಿರುಗಿ, ಪೇಷಂಟು ಅನ್ನಿಸಿಕೊಳ್ಳುವುದು ತಮಗೆ ಹಳೇ ಅಭ್ಯಾಸ, ಒಂದು ಸಲ ಹೆಚ್ಚಾದರೆ ಏನೂ ತೂಕ ಬೀಳುವುದಿಲ್ಲ ಎಂದು ನಕ್ಕರು.

ಡಾಕ್ಟರು ಪವಿತ್ರಳ ವಯಸ್ಸಿನ ಹೆಣ್ಣುಮಗಳು. ಮೊದಲ ಸಲ ನಾನು ಪೂರ್ತಿ ಸಮಯ ಲೇತ್ ಮೆಷಿನ್ನಿನ ವಿಷಯವೇ ಮಾತಾಡಿದೆ. ಅವರು ಬೇಸರಪಡದೆ, ಅದು ಓಡುವಾಗ ಸದ್ದು ಹೇಗಿರುತ್ತದೆ ಎಂದು ಕೇಳಿದರು. ನಾನು ಸದ್ದು ಮಾಡಿ ತೋರಿಸಿದೆ, ತೋರಿಸುತ್ತಲೇ ಅತ್ತೆ. ಆಮೇಲೆ ಮಾತ್ರೆ, ಮಾತು, ಉಸಿರಾಟದ ಅಭ್ಯಾಸ, ಮನೆಯಿಂದ ದಿನಾ ಸ್ವಲ್ಪ ಸ್ವಲ್ಪ ದೂರ ಹೋಗಿ ಬರುವ ಪಾಠ. ಈ ಕೊನೆಯ ಪಾಠವನ್ನು ಬೀಗರು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡರು. ಕ್ಲಿನಿಕ್ಕಿನಿಂದ ನೇರ ಮನೆಗೆ ಬಂದ ದಿನವೇ ಇಲ್ಲ. ಒಮ್ಮೆ ಕೆಂಗೇರಿಯಲ್ಲಿ ಕಬ್ಬಿನ ಹಾಲು, ಒಮ್ಮೆ ಜ್ಞಾನಭಾರತಿಯ ಮರಗಳ ನಡುವೆ ಸುತ್ತಾಟ, ಇನ್ನೊಮ್ಮೆ ಬ್ಯಾಡರಹಳ್ಳಿಯಲ್ಲಿ ಅವರ ಯಾರೋ ನೆಂಟರ ಮನೆಯ ಮುದ್ದೆ, ಉಪ್ಸಾರು. ಹಿಂದೆ ಕೂತ ನಾನು ಮೊದಮೊದಲು ಅವರ ಷರಟು ಹಿಡಿದುಕೊಂಡಿರುತ್ತಿದ್ದೆ. ಯಾವಾಗ ಬಿಟ್ಟೆನೋ ಗೊತ್ತಾಗಲಿಲ್ಲ. ಗೆಳೆತನ ಎಂಬುದು ಈ ವಯಸ್ಸಿನಲ್ಲಿ, ಅದೂ ಬೀಗರ ಜೊತೆ ಸಿಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಈಗ ಮಾರ್ಕೆಟ್ಟಿಗೆ ನಾನೇ ಹೋಗುತ್ತೇನೆ. ಹೀರೇಕಾಯಿ ಆರಿಸುವುದರಲ್ಲಿ ಮಾತ್ರ ಸುಧಾರಿಸಿಲ್ಲ ಎಂದು ನಮ್ಮಾಕೆ ಹೇಳುತ್ತಾಳೆ.

ಕ್ಷಮೆ ಕೇಳಲು ನೋಡಿಲ್ಲ ಎಂದಲ್ಲ. ಒಮ್ಮೆ ಮಲ್ಲತ್ತಹಳ್ಳಿ ಕೆರೆಯ ಕಲ್ಲುಬೆಂಚಿನ ಮೇಲೆ ಕೂತು, ಬೀಗ್ರೇ, ಅವತ್ತು ಮಾತುಕತೆಯಲ್ಲಿ ನಾನು ಕೇಳಿದ್ದು ಎಂದು ಶುರುಮಾಡಿದೆ. ಅವರು ನನ್ನ ಬಾಯಿಗೆ ಕಡಲೆಕಾಯಿ ತುರುಕಿ, ಅದಕ್ಕೆಲ್ಲ ಈ ಇನ್ಶೂರೆನ್ಸಿನಲ್ಲಿ ದುಡ್ಡು ಕೊಡಲ್ಲ, ಸುಮ್ನಿರಿ ಎಂದರು. ನಾನು ನಕ್ಕುಬಿಟ್ಟೆ. ನಕ್ಕಮೇಲೆ ಆ ಮಾತು ಮತ್ತೆ ಒಳಕ್ಕೇ ಹೋಯಿತು. ಒಳಕ್ಕೆ ಹೋದದ್ದು ಹಿತವಾಗಿಯೂ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹೋದ ವಾರ ಮನಸ್ಸು ಗಟ್ಟಿಮಾಡಿ ಶ್ರೀಕಂಠಯ್ಯನವರ ಗೇಟಿಗೆ ಹೋಗಿ, ಅವತ್ತು ಕ್ಲಿನಿಕ್ಕಿನಲ್ಲಿ ಪೇಷಂಟು ಬೀಗರಲ್ಲ, ನಾನು ಎಂದೆ. ಅವರು ಗಿಡಕ್ಕೆ ನೀರು ಬಿಡುವುದನ್ನು ನಿಲ್ಲಿಸಲೂ ಇಲ್ಲ.

“ಗೊತ್ತು ಬಿಡಿ. ಆ ಹುಡುಗಿ ಕೂಗಿದ್ದು ನಿಮ್ಮ ಹೆಸರು ತಾನೇ? ಇಷ್ಟು ವರ್ಷದಿಂದ ಎದುರುಮನೇಲಿದೀನಿ, ನಿಮ್ಮ ಹೆಸರು ಗೊತ್ತಿಲ್ವಾ ನಂಗೆ?”

ನನ್ನ ಸುಳ್ಳಿನಿಂದ ನನ್ನ ಮಾನವೂ ಉಳಿದಿರಲಿಲ್ಲ. ಬೀಗರೊಬ್ಬರು ಸುಮ್ಮನೆ ಆ ಸುಳ್ಳನ್ನು ಹೊತ್ತಿದ್ದರು, ಅಷ್ಟೇ.

ನಿನ್ನೆ ಪವಿತ್ರ ಲ್ಯಾಪ್‌ಟಾಪು ತೆರೆದು ಕೂತಿದ್ದಳು. ಬರುವ ವರ್ಷದ ವಿಮೆಗೆ ಹೆಸರು ಬದಲಾಯಿಸುವುದಿದ್ದರೆ ಈ ವಾರವೇ ಮಾಡಬೇಕಂತೆ. ನನ್ನ ಮಾತ್ರೆಯನ್ನು ಡಾಕ್ಟರು ಕಡಿಮೆ ಮಾಡುತ್ತ ಬಂದಿದ್ದಾರೆ. ಉಳಿದ ಖರ್ಚು ನಾನೇ ನೋಡಿಕೊಳ್ಳಬಲ್ಲೆ. ಬೀಗರಿಗೆ ಕಣ್ಣಿನ ಪೊರೆ ಬಂದು, ಸ್ಕೂಟರನ್ನು ಅಂದಾಜಿನ ಮೇಲೆ ಓಡಿಸುತ್ತಿದ್ದಾರೆ. ಈ ಸಲ ನಿಮ್ಮಪ್ಪ ಅಮ್ಮನನ್ನು ಹಾಕಮ್ಮ ಎಂದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಮದುವೆಯ ಮಾತುಕತೆಯ ದಿನ ಚಕ್ಕುಲಿ ತಟ್ಟೆ ಹಿಡಿದು ನೋಡಿದ ಮೇಲೆ ಅಷ್ಟು ನೇರವಾಗಿ ಅವಳು ನನ್ನನ್ನು ನೋಡಿರಲಿಲ್ಲ.

“ಅಪ್ಪ ಒಪ್ಪಲ್ಲ ಮಾವ.”

“ನಾನು ಒಪ್ಪಿಸ್ತೀನಿ. ಅವರ ಹತ್ರ ನಂಗೆ ಬೇರೆ ಮಾತೂ ಇದೆ.”

ಅವಳು ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟಳು.

ಇನ್ನು ಸ್ವಲ್ಪ ಹೊತ್ತಿಗೆ ಬೀಗರು ಬರುತ್ತಾರೆ. ಇವತ್ತು ಸ್ಕೂಟರು ಬೇಡ, ನಡೆದೇ ಹೋಗೋಣ ಎನ್ನುತ್ತೇನೆ. ನಡೆಯುತ್ತ ಹೇಳಬೇಕಾದ್ದು ಅದು. ಬೀಗ್ರೇ ಎಂದು ಶುರುಮಾಡಿದರೆ ಕೆಟ್ಟೆ, ಇಬ್ಬರೂ ನಗುತ್ತೇವೆ, ಮತ್ತೆ ತಪ್ಪಿಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಅವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ. ಬೆಳಗಿನಿಂದ ಕನ್ನಡಿಯ ಮುಂದೆ ಹೇಳಿ ನೋಡುತ್ತಿದ್ದೇನೆ. ನಾಲಿಗೆಗೆ ಹೊಸದು, ಆದರೂ ಚೆನ್ನಾಗಿದೆ. ಗಂಗಬೈಲಪ್ಪನವರೇ.