ಪರದೇಸಿ ಅಂದವನ ಊರು

ನಮ್ಮ ಮನೆಯಲ್ಲಿ ‘ಪರದೇಸಿ’ ಎಂಬ ಮಾತಿಗೆ ಬಿಡುವೇ ಇರಲಿಲ್ಲ. ಹಗ್ಗ ಬಿಚ್ಚಿಕೊಂಡು ಓಡಿದ ಕರು ಪರದೇಸಿ, ಅಂಗಳದಲ್ಲಿ ಮರೆತುಬಿಟ್ಟ ತಂಬಿಗೆ ಪರದೇಸಿ, ಬಿಸಿಲಲ್ಲಿ ಗೋಲಿ ಆಡಿ ಉಣ್ಣುವ ಹೊತ್ತು ಮೀರಿ ಬಂದ ನಾನೂ ಪರದೇಸಿ. ಅವ್ವ ಬೈದು ಮುಗಿಸುವಷ್ಟರಲ್ಲಿ ರೊಟ್ಟಿಯ ಮೇಲೆ ಬೆಣ್ಣೆ ಬಿದ್ದಿರುತ್ತಿತ್ತು. ಹಾಗಾಗಿ ಆ ಮಾತಿಗೆ ಹಲ್ಲು ಇದೆ ಎಂದು ನನಗೆ ಬಹಳ ವರ್ಷ ಗೊತ್ತಾಗಲಿಲ್ಲ.

ಮುಂದೆ ನಾನು ಉದಗೀರದ ಶಾಲೆಯೊಂದರಲ್ಲಿ ಮರಾಠಿ ಮಾಸ್ತರನಾದೆ. ಮನೆಯಲ್ಲಿ ಕನ್ನಡ, ಹಲಗೆಯ ಮೇಲೆ ಮರಾಠಿ, ಪೇಟೆಯಲ್ಲಿ ಎರಡಕ್ಕೂ ಉರ್ದು ಬೆರೆಸಿದ ಮಾತು. ಮಹಾರಾಷ್ಟ್ರದ ಗಡಿಯ ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ. ಯಾವ ಶಬ್ದ ಸಿಕ್ಕರೂ ಅದರ ಹೊಟ್ಟೆ ಬಗೆದು ನೋಡುವ ಚಟ ನನಗೆ. ಪರದೇಸಿಯಲ್ಲಿ ‘ಪರ’ ಇದೆ, ‘ದೇಶ’ ಇದೆ. ಬೇರೆ ದೇಶದವನು, ಅಷ್ಟೇ. ಅದು ದಿಕ್ಕಿಲ್ಲದವನು, ಮನೆ ಮಠ ಇಲ್ಲದೆ ಅಲೆಯುವವನು ಎಂದು ಹೇಗಾಯಿತು? ನನಗೆ ತೋಚಿದ್ದು ಇಷ್ಟು: ಹೊಟ್ಟೆ ತುಂಬಿದವನು ಊರು ಬಿಟ್ಟು ಬರುವುದಿಲ್ಲ. ನಮ್ಮ ಹಿರಿಯರು ಕಂಡ ಬೇರೆ ದೇಶದವರೆಲ್ಲ ಬಗಲಲ್ಲಿ ಗಂಟು ಇಟ್ಟುಕೊಂಡು ಹಸಿದು ಬಂದವರೇ ಇರಬೇಕು. ದೂರದಿಂದ ಬಂದದ್ದೂ ಗತಿಯಿಲ್ಲದ್ದೂ ಅವರ ಬಾಯಲ್ಲಿ ಒಂದೇ ಆಯಿತು.

ಶಾಲೆಯ ಎದುರಿಗೆ ಹೊಲಿಗೆ ಅಂಗಡಿ ಇಟ್ಟಿದ್ದ ಮುದುಕ ಚಾಚಾ ಈ ನನ್ನ ಪಾಂಡಿತ್ಯ ಕೇಳಿ ನಕ್ಕು, ಅಲೆಯುವವನಿಗೆ ತಮ್ಮ ಉರ್ದುವಿನ ಶಬ್ದ ಹೇಳಿದರು: ಖಾನಾಬದೋಶ್. ಖಾನಾ ಅಂದರೆ ಮನೆ, ದೋಶ್ ಅಂದರೆ ಹೆಗಲು. ಮನೆಯನ್ನು ಹೆಗಲ ಮೇಲೆ ಹೊತ್ತವನು.

“ನಿಮ್ಮ ಮಾತು ಮನಿ ಕಸಗೋತದ ಮಾಸ್ತರ,” ಎಂದರು. “ನಮ್ಮ ಮಾತು ಮನಿ ಹೆಗಲ ಮ್ಯಾಲ ಇಟ್ಟು ಕಳಸ್ತದ.”

ವಾಹ್ ಎಂದೆ, ಚಹಾ ಕುಡಿದೆ, ಮರೆತೆ.

ನಿವೃತ್ತನಾಗಿ ನಿಲಂಗಾ ಹತ್ತಿರದ ನಮ್ಮ ಊರಿಗೆ ಬಂದು ಹೊಲಕ್ಕೆ ನಿಂತೆ. ನಮ್ಮ ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿಯೊಂದಿದೆ. ರಾಶಿ ಮುಗಿದ ಮೇಲೆ ಕುರಿಗಾರರ ದೇವರು ಬೀರಪ್ಪನ ಒಕ್ಕಲಿನ ಒಂದು ಕುಟುಂಬ ಬಂದು ನಮ್ಮ ಹೊಲದಲ್ಲಿ ಕೆಲವು ದಿನ ಕುರಿ ಕೂರಿಸುತ್ತದೆ. ಕುರಿ ಕೂತು ಎದ್ದ ನೆಲದ ಗೊಬ್ಬರಕ್ಕೆ ಸಾಟಿಯಿಲ್ಲ. ಮುಂದಿನ ವರ್ಷದ ಜೋಳ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ನಾವು ಅವರಿಗೆ ಕಾಳು ಬೆಲ್ಲ ಕೊಡುತ್ತೇವೆ. ಆ ಕುಟುಂಬಕ್ಕೆ ಹಿರಿಯಳು ಒಬ್ಬ ಅಜ್ಜಿ. ನನಗಿಂತ ಹತ್ತು ವರ್ಷ ದೊಡ್ಡವಳು, ನಡಿಗೆಯಲ್ಲಿ ಇಪ್ಪತ್ತು ವರ್ಷ ಸಣ್ಣವಳು.

ಹೋದ ಮಾಘದಲ್ಲಿ ಅವರು ಬಂದಿಳಿದಾಗ ಹೊಲದ ಒಂದು ಮೂಲೆಯಲ್ಲಿ ತಡವಾಗಿ ಬಿತ್ತಿದ ಕಡಲೆ ಇನ್ನೂ ನಿಂತಿತ್ತು. ಮೂರನೆಯ ಮಧ್ಯಾಹ್ನ ನಾನು ಹೋಗಿ ನೋಡಿದರೆ ಕಡಲೆ ಇಲ್ಲ, ಕಡಲೆಯ ಜಾಗದಲ್ಲಿ ಹಿಂಡಿನಿಂದ ತಪ್ಪಿಸಿಕೊಂಡು ಬಂದು ತೃಪ್ತಿಯಿಂದ ಮೆಲುಕು ಹಾಕುವ ನಲವತ್ತು ಕುರಿ. ನನ್ನ ಸಿಟ್ಟು ನೆತ್ತಿಗೇರಲು ಹೆಚ್ಚು ಹೊತ್ತು ಬೇಕಿಲ್ಲ. ಅವಳ ಮಕ್ಕಳು ಸೊಸೆಯರ ಮುಂದೆಯೇ ಒದರಿದೆ.

“ಮನಿಲ್ಲ ಮಠಿಲ್ಲ, ಪರದೇಸಿಗೋಳು. ನಿಮಗ ಹೊಲದ ಕಿಮ್ಮತ್ತು ಏನ್ ಗೊತ್ತು?”

ಅಜ್ಜಿ ಕೈಯಲ್ಲಿದ್ದ ಉಣ್ಣೆಯ ಕದಿರು ಕೆಳಗಿಟ್ಟಳು.

“ಕುರಿ ಕಡ್ಲಿ ತಿಂದಾವ, ಖರೆ ಅದ. ಅದಕ್ಕ ಏನ್ ಬೈತೀರಿ ಬೈರಿ. ಮನಿ ಸುದ್ದಿಗಿ ಬರಬ್ಯಾಡ್ರಿ ಮಾಸ್ತರ.”

ಅಷ್ಟೇ. ಸಂಜೆಯೊಳಗೆ ಕುರಿ ಕೂಡುವ ಬಲೆ ಸುತ್ತಿ, ಕುದುರೆಯ ಮೇಲೆ ಸಾಮಾನು ಹೇರಿ, ಹಳ್ಳದ ಆಚೆಗೆ ಹೋಗಿ ಇಳಿದರು. ನನ್ನ ಹೊಲದ ಮುಕ್ಕಾಲು ಭಾಗ ಕುರಿ ಕೂರದೆ ಹಾಗೇ ಉಳಿಯಿತು. ಗುಂಜೋಟಿಯ ತವರಿನಿಂದ ಬರುವಾಗ ಬಾಯಿಯನ್ನು ಚೆನ್ನಾಗಿ ಮಸೆದುಕೊಂಡೇ ಬಂದ ನನ್ನ ಹೆಂಡತಿ ಸುದ್ದಿ ಕೇಳಿ ಒಂದೇ ಮಾತು ಹೇಳಿದಳು: “ಇನ್ನ ನಿಮ್ಮ ಶಬ್ದಕೋಶ ಹರದು ಹೊಲಕ್ಕ ಚೆಲ್ರಿ, ಛಲೋ ಬೆಳಿ ಬರ್ತದ.”

ಗೊಬ್ಬರ ಹೋದದ್ದು ಒಂದು. ಅದಕ್ಕಿಂತ, ಅಪ್ಪ ಉಳಿಸಿಕೊಂಡು ಬಂದ ನಂಟು ನನ್ನ ಬಾಯಿಂದ ಹರಿಯಿತಲ್ಲ ಎಂಬುದು ಊಟ ಸೇರದಂತೆ ಮಾಡಿತು. ಫೋನ್ ಮಾಡಿದೆ. ಅಜ್ಜಿಯ ಮಗ ಎತ್ತಲಿಲ್ಲ. ಮತ್ತೆ ಮಾಡಿದೆ. ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ಹೆಂಡತಿ ತೆಂಗಿನಕಾಯಿ, ಎಲೆ ಅಡಿಕೆ, ಒಂದು ಪೊಟ್ಟಣ ಭಂಡಾರದ ಅರಿಸಿನ ಚೀಲಕ್ಕೆ ಹಾಕಿ ಕೈಗಿಟ್ಟಳು.

“ನಿಮ್ಮಪ್ಪ ಪ್ರತಿ ವರ್ಷ ಖುದ್ದ ಹೋಗಿ ಕರೀತಿದ್ರು. ನೀವು ಬಂದಮ್ಯಾಲ ಎಲ್ಲಾ ಫೋನಿನ್ಯಾಗ. ನಡದು ಹೋಗ್ರಿ, ಗಾಡಿ ಮ್ಯಾಲ ಬ್ಯಾಡ.”

ಅಪ್ಪ ಹೋಗುತ್ತಿದ್ದುದು ನನಗೂ ನೆನಪಿತ್ತು. ಕರೆಯಲು ಬಂದವನಿಗೆ ಅವರು ಕರಿ ಕಂಬಳಿ ಹಾಸುತ್ತಾರೆ. ಹಾಸಿದ ಕಂಬಳಿ ಬೀರಪ್ಪನ ಗದ್ದುಗೆ. ಚಪ್ಪಲಿ ಬಿಟ್ಟು ಕೂರಬೇಕು, ಕೂತವರು ಸುಳ್ಳು ಹೇಳಬಾರದು. ಹಿರಿಯರು ಮೂರು ಮಾತು ಕೇಳುತ್ತಾರೆ, ಗುರುತಿದ್ದವರಿಗೂ ಕೇಳುತ್ತಾರೆ: ಯಾರು, ಯಾವೂರು, ಯಾಕೆ ಬಂದಿರಿ.

ಅಜ್ಜಿ ನನ್ನನ್ನು ದೂರದಿಂದಲೇ ಕಂಡಳು. ಏನೂ ಆಗಿಲ್ಲ ಎಂಬಂತೆ ಕಂಬಳಿ ಹಾಸಿ, ನನ್ನ ಕೈಯಿಂದ ಭಂಡಾರ ಹಚ್ಚಿಸಿಕೊಂಡು, ಎದುರಿಗೆ ಕೂತಳು.

“ಯಾರು?”

ಹೆಸರು ಹೇಳಿದೆ.

“ಪೂರ್ತಿ ಹೇಳ್ರಿ.”

ಅಡ್ಡಹೆಸರು ಸೇರಿಸಿ ಹೇಳಿದೆ. ಈ ಭಾಗದ ಅನೇಕರಂತೆ ನಮ್ಮದೂ ಒಂದು ಊರಿನ ಹೆಸರಿಗೆ ‘ಕರ’ ಹಚ್ಚಿದ ಅಡ್ಡಹೆಸರು. ಯಾವ ಊರು ಎಂದು ಇಲ್ಲಿ ಬರೆಯುವುದಿಲ್ಲ.

“ಯಾವೂರು?”

“ಇದೇ ಊರು. ನಾವು ಇಲ್ಲಿ ಮೂಲದವರು,” ಎಂದೆ. ಅಪ್ಪ, ಅಜ್ಜ ಎಲ್ಲರೂ ಎದೆ ಉಬ್ಬಿಸಿ ಹೇಳುತ್ತಿದ್ದ ಮಾತು.

ಅಜ್ಜಿ ಕಂಬಳಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. “ಎದರ ಮ್ಯಾಲ ಕುಂತೀರಿ ನೋಡ್ರಿ. ನಿಮ್ಮ ಹೆಸರನ್ಯಾಗಿನ ಊರು ದೇವಣಿ ದಾಟಿ, ಹೊಳಿ ಆಚಿಗಿ ಅದ. ವರ್ಷಾ ನಾವು ಅಲ್ಲಿ ಇಳಿತೀವಿ. ಅಲ್ಲಿ ಒಬ್ಬರಿಗೂ ಈ ಅಡ್ಡಹೆಸರಿಲ್ಲ. ಊರಾಗ ಇದ್ದವರಿಗಿ ಊರ ಹೆಸರು ಯಾಕ ಬೇಕ್ರಿ? ಬಿಟ್ಟು ಹೋದವರಿಗೇ ಹತ್ತೋದು.”

ನಿಲಂಗಾದಲ್ಲಿ ಇರುವವನನ್ನು ಯಾರೂ ನಿಲಂಗೇಕರ ಎನ್ನುವುದಿಲ್ಲ, ಊರು ಬಿಟ್ಟ ಮೇಲೆಯೇ ಊರು ಹೆಸರಿಗೆ ಅಂಟುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನೇ. ಪರೀಕ್ಷೆಗೂ ಕೇಳುತ್ತಿದ್ದೆ. ನನ್ನ ಹೆಸರನ್ನು ಮಾತ್ರ ಒಮ್ಮೆಯೂ ಆ ಹಲಗೆಯ ಮೇಲೆ ಬರೆದು ನೋಡಿರಲಿಲ್ಲ. ಎಲ್ಲರ ಬೆನ್ನು ಕಾಣುತ್ತದೆ, ತನ್ನ ಬೆನ್ನು ತನಗೆ ಕಾಣದು.

“ಆ ಊರ ಹೊರಗ ಒಂದು ಕಲ್ಲಿನ ಬಾವಿ ಅದ,” ಅಜ್ಜಿ ಮುಂದುವರಿಸಿದಳು. “ಹೋದವರ ಬಾವಿ ಅಂತಾರ. ಯಾವ್ದೋ ಬರದಾಗ ಒಂದು ಮನಿತನದವರು ಬಿಟ್ಟು ಹೋಗ್ಯಾರಂತ. ನಿಮ್ಮವರದ ಅಂತ ನಾ ಹೇಳಾಂಗಿಲ್ಲ, ನಾನೂ ಕಂಬಳಿ ಮ್ಯಾಲ ಅದೀನಿ.”

“ಈಗ ಆ ಬಾವಿ ಯಾರು ನೋಡ್ತಾರ?” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

“ಊರವರಿಗಿ ನಳ ಬಂದಾವ, ಅವರಿಗಿ ಯಾಕ ಬೇಕು? ನಾವ ನೋಡ್ತೀವಿ. ಹೋದ ಸಲ ಹೂಳು ತಗದೀವಿ. ನಮ್ಮತ್ತಿ ತಗಸ್ತಿದ್ಲು, ನಾನೂ ತಗಸ್ತೀನಿ. ನೀರು ಸಿಹಿ ಅದಾವ್ರಿ.”

ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ಯಾರನ್ನು ನಾನು ಮನೆ ಮಠ ಇಲ್ಲದವಳು ಎಂದು ಬೈದಿದ್ದೆನೋ ಅವಳು, ನನ್ನ ಮುತ್ತಜ್ಜನದೋ ಇನ್ನಾರದೋ ಬಾವಿಗೆ ವರ್ಷವರ್ಷವೂ ಮಕ್ಕಳನ್ನು ಇಳಿಸಿ ಕೆಸರು ತೆಗೆಸುತ್ತಿದ್ದಳು.

“ಯಾಕ ಬಂದೀರಿ?” ಮೂರನೆಯ ಮಾತು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಗಂಭೀರ ವಾಕ್ಯಗಳು ಒಂದೂ ನೆನಪಾಗಲಿಲ್ಲ. “ಗೊಬ್ಬರದ ಆಸೆಗಿ ಬಂದಿದ್ದೆ,” ಎಂದೆ. “ಈಗ ತಪ್ಪಾತು ಅನ್ನಾಕ ಕುಂತೀನಿ.”

ಸೊಸೆಯರು ಸೆರಗು ಬಾಯಿಗೆ ಒತ್ತಿ ನಕ್ಕರು. ಅಜ್ಜಿಯೂ ನಕ್ಕಳು, ಇದ್ದ ನಾಲ್ಕು ಹಲ್ಲು ಕಾಣುವ ಹಾಗೆ. “ಗೊಬ್ಬರದ್ದು ಖರೆ ಹೇಳಿದ್ರಿ. ಅದಕ್ಕ ಇನ್ನೊಂದೂ ಖರೆ ಇರಬೇಕು,” ಎಂದು ಕಾಯಿ ಒಡೆಸಿದಳು. ಚಹಾ ಆಯಿತು. ಮಕ್ಕಳಿಗೆ ಬಲೆ ಸುತ್ತಲು ಹೇಳಿದಳು.

ನಾನೂ ಅವರ ಜೊತೆಗೇ ಹೊರಟೆ. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡಿದ್ದೆ. ಎರಡು ದಿನದ ಮರಿಯೊಂದನ್ನು ಸೊಸೆ ನನ್ನ ಕಂಕುಳಿಗೆ ಕೊಟ್ಟಿದ್ದಳು, ಅದು ಆಗಲೇ ಅಂಗಿಯನ್ನು ಒದ್ದೆ ಮಾಡಿತ್ತು. ನೂರಾರು ಕುರಿಗಳ ಧೂಳಿನಲ್ಲಿ ಮಾಸ್ತರ ಯಾರು, ಕುರಿಗಾರ ಯಾರು? ರಸ್ತೆ ದಾಟುವಾಗ ಮೋಟರ್ ಸೈಕಲ್ ಮೇಲೆ ದೇವಣಿ ಕಡೆಗೆ ಹೊರಟಿದ್ದ ದನದ ವ್ಯಾಪಾರಿಯೊಬ್ಬ ಕುರಿಗಳಿಗಾಗಿ ನಿಂತ. ಅಜ್ಜಿಯ ಗುರುತಿನವನಿರಬೇಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವರಾರು, ಹೊಸಬರಂತೆ ಕಾಣುತ್ತಾರಲ್ಲ ಎಂದು ಮರಾಠಿಯಲ್ಲಿ ಅವಳನ್ನು ಕೇಳಿದ.

ಅಜ್ಜಿ ಹಿಂದುಳಿದ ಕುರಿಯೊಂದನ್ನು ಕೋಲಿನಿಂದ ಮುಂದೆ ದೂಡುತ್ತ, ತಲೆ ಎತ್ತದೆಯೇ ಅದೇ ಮರಾಠಿಯಲ್ಲಿ ಹೇಳಿದಳು: “ಆಮಚೇಚ ಹಾಯ್ತ.”

ನಮ್ಮವರೇ. ನನಗೆ ಅಳು ಬಂತು. ಮರಿಯ ಬೆನ್ನಿಗೆ ಮುಖ ಒತ್ತಿಕೊಂಡು ರಸ್ತೆ ದಾಟಿದೆ.