ಮಾನ್ವಿಯಿಂದ ಬಂದ ಕೊರವ ಮೀನು

ನನ್ನ ಮೊಮ್ಮಗಳು ಉಂಡಳು! ಇಡೀ ಒಂದು ಜೋಳದ ರೊಟ್ಟಿ, ಮೇಲೆ ಅನ್ನ, ಕೇಳಿ ಕೇಳಿ ಹಾಕಿಸಿಕೊಂಡು ಮೀನಿನ ಸಾರು. ಮೊದಲು ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಿಂದಿನದನ್ನೆಲ್ಲ ಆಮೇಲೆ ಹೇಳುತ್ತೇನೆ.

ಅವಳು ನನ್ನ ಮಗನ ಮಗಳು. ಎಂಟು ವರ್ಷ. ಮಗ ರಾಯಚೂರಿನಲ್ಲಿ ಆಟೋ ಓಡಿಸುತ್ತಾನೆ. ಸಂಕ್ರಾಂತಿ ಆದ ಮೇಲೆ ಕೂಸಿಗೆ ಟೈಫಾಯಿಡ್ ಬಂತು. ಜ್ವರ ಹೋಯಿತು, ಆದರೆ ಬಾಯಿರುಚಿಯನ್ನೂ ಕರೆದುಕೊಂಡು ಹೋಯಿತು. ಎರಡು ಚಮಚ ಗಂಜಿ ಕುಡಿದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಏನು ಬೇಡಿದರೂ ಕೊಡಿ ಎಂದರಂತೆ ಡಾಕ್ಟರು. ಅವಳು ಬೇಡಿದರೆ ತಾನೆ? ಕೈಯ ಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದ್ದಳು.

ಕಡೆಗೆ ಒಂದು ದಿನ ಫೋನಿನಲ್ಲಿ ತನ್ನ ತಾತನಿಗೆ, ಅಂದರೆ ನನ್ನ ಗಂಡನಿಗೆ, ಹೇಳಿದಳು: "ನಾನೇ ಹಿಡಿದ ಮೀನಾದ್ರ ತಿಂತೀನಿ."

ನಾವು ಗಂಡ ಹೆಂಡತಿ ದೇವದುರ್ಗದ ಕಡೆ ಕೃಷ್ಣೆಯ ದಂಡೆಯಲ್ಲಿ ಬುಟ್ಟಿಯಂಥ ದುಂಡು ಹರಗೋಲು ಹಾಕಿ ಮೀನು ಹಿಡಿದು ಬದುಕಿದವರು. ಅವರು ಬಲೆ ಬೀಸುತ್ತಾರೆ, ನಾನು ಹುಟ್ಟು ಹಾಕುತ್ತೇನೆ. ಶಿವರಾತ್ರಿ ಮುಗಿದು ಬೇವು ಚಿಗುರುವ ಹೊತ್ತಿಗೆ ಮಗ ಸೊಸೆ ಕೂಸನ್ನು ಬಸ್ಸಿನಲ್ಲಿ ಕರೆತಂದರು.

ಗಾಳಕ್ಕೆ ಮೀನು ಬೀಳದಿದ್ದರೆ? ಆ ಹೆದರಿಕೆಗೆ ನಾನೊಂದು ಕಳ್ಳತನ ಮಾಡಿದೆ. ಮಾನ್ವಿಯಿಂದ ಡ್ರಮ್ಮಿನಲ್ಲಿ ಜೀವಂತ ಮೀನು ತಂದು ಮಾರುವ ಚಾಚಾ ಒಬ್ಬರಿದ್ದಾರೆ. ಅವರಿಂದ ಯಾರಿಗೂ ಹೇಳದೆ ಒಂದು ಕೊರವ ಮೀನು ಕೊಂಡೆ.

"ಅರೇ ಅಕ್ಕಾ, ಹೊಳಿ ದಂಡಿಗಿ ಮನಿ ಇಟ್ಕೊಂಡು ಮಾನ್ವಿ ಕೆರಿ ಮೀನು ತಗೋತೀರಲ್ರೀ!" ಎಂದು ನಕ್ಕರು.

ಕೊರವ ಒದ್ದೆ ಚೀಲದಲ್ಲಿ ತಾಸುಗಟ್ಟಲೆ ಬದುಕುತ್ತದೆ. ಚೀಲವನ್ನು ಹರಗೋಲಿನಲ್ಲಿ ನನ್ನ ಕಾಲಡಿ ಇಟ್ಟುಕೊಂಡೆ.

ಬೆಳಗಿನ ಎಳೆ ಬಿಸಿಲಲ್ಲಿ ನಾವಿಬ್ಬರೂ ಕೂಸೂ ಹರಗೋಲು ಹತ್ತಿದೆವು. ಕೂಸು ತೇಲುವ ಬೆಂಡು ಕಟ್ಟಿದ ಗಾಳ ಇಳಿಬಿಟ್ಟು ಕೂತಿತು. ಗಂಡ ಬಲೆ ಬೀಸುವುದನ್ನು ಅವಳು ತಿರುಗಿ ನೋಡುವಾಗ ನಾನು ಮೆಲ್ಲಗೆ ದಾರ ಎಳೆದು, ಕೊರವದ ತುಟಿಗೆ ಗಾಳ ಚುಚ್ಚಿ ನೀರಿಗೆ ಬಿಟ್ಟೆ.

"ಯವ್ವಾ, ನಿನ್ನ ಬೆಂಡು ಮುಳುಗಾಕತ್ತದ ನೋಡ!" ಎಂದು ಕೂಸನ್ನು ಕೂಗಿದೆ.

ಅವಳು ಎಳೆದಳು, ಕಿರುಚಿದಳು, ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಗಂಡ ಬಲೆ ಬಿಟ್ಟು ಈಚೆ ತಿರುಗಿ ಮೀನು ನೋಡಿದರು. ನನ್ನ ಮುಖ ನೋಡಿದರು. ನನ್ನ ಕಾಲಡಿಯ ಖಾಲಿ ಚೀಲ ನೋಡಿದರು.

"ಮೊದಲನೇ ಮೀನು ಗಂಗಮ್ಮಂದು. ಬಿಡವ್ವಾ," ಎಂದರು.

ನಮ್ಮಲ್ಲಿ ಯಾರೇ ಆಗಲಿ, ಜನ್ಮದಲ್ಲಿ ಮೊದಲು ಹಿಡಿದ ಮೀನನ್ನು ಹೊಳೆಗೇ ಬಿಡಬೇಕು. ಇಷ್ಟು ವರ್ಷ ಹುಟ್ಟು ಹಾಕಿದವಳು ಅದನ್ನೇ ಮರೆತಿದ್ದೆ.

"ಕೂಸು ಉಣ್ಣಬೇಕ್ರೀ. ಗಂಗಮ್ಮಗ ನಾಳಿ ಕೊಟ್ರಾತು."

"ಗಂಗಮ್ಮಗ ನಾಳಿ ಬಾ ಅಂತೀಯೇನ್ಬೇ? ಆಕಿ ನಿನ್ನ ಸೊಸಿ ಏನು?"

ಕೂಸಿನ ತುಟಿ ನಡುಗಿತು. ಆದರೂ ಎರಡೂ ಕೈಯಲ್ಲಿ ಮೀನು ಹಿಡಿದು ನೀರಿಗಿಳಿಸಿ, "ಹೋಗು, ನಿಮ್ಮಪ್ಪನ್ನ ಕಳಸು," ಎಂದಳು.

ಆಮೇಲೆ ಬೆಂಡು ಅಲುಗಲಿಲ್ಲ. ಬಿಸಿಲು ಏರಿತು. ಬಲೆಗೆ ಬಿದ್ದ ಮೀನುಗಳನ್ನು ಅವಳು ಕಣ್ಣೆತ್ತಿಯೂ ನೋಡಲಿಲ್ಲ. ತಾನು ಹಿಡಿದದ್ದಲ್ಲವಲ್ಲ. ನಾನು ಮನಸ್ಸಿನಲ್ಲೇ ಗಂಗಮ್ಮನ ಕಾಲು ಹಿಡಿದೆ. ನನ್ನ ಸುಳ್ಳಿಗೆ ಕೂಸನ್ನು ಉಪವಾಸ ಕೆಡವಬೇಡ ತಾಯಿ ಎಂದೆ.

ಮನೆಗೆ ತಿರುಗೋಣವೆನ್ನುವಷ್ಟರಲ್ಲಿ ಬೆಂಡು ಒಮ್ಮೆಲೇ ಮಾಯವಾಯಿತು. ದಾರ ಹರಗೋಲಿನ ಅಡಿಗೆ ಓಡಿತು, ಹರಗೋಲು ಗರಗರ ತಿರುಗಿತು. ನಾನು ಅವಳ ಸೊಂಟ ಹಿಡಿದೆ. ಪಕ್ಕೆಲುಬು ಒಂದೊಂದೂ ಕೈಗೆ ಸಿಕ್ಕಿತು. ಬಿಡು ಎಂದರೂ ದಾರ ಬಿಡಲಿಲ್ಲ.

"ತಾತಾ, ಅವರಪ್ಪ ಬಂದಾನ!"

ಹೌದು, ಅವರಪ್ಪನೇ. ನನ್ನ ಕೈಯಲ್ಲಿ ಒಂದು ಮೊಳ ಉದ್ದದ ರೋಹು ಮೀನು. ಈ ಸಲ ಗಾಳಕ್ಕೆ ನನ್ನ ಕೈ ಸೋಕಿರಲಿಲ್ಲ. ಗಂಡ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ನೀರು ಸಿಡಿದಿತ್ತೋ ಏನೋ, ನಾನು ಕೇಳಲಿಲ್ಲ.

ಸಂಜೆ ಸೊಸೆ ಹುಣಸೆ ಹುಳಿ ಹಾಕಿ ಸಾರು ಮಾಡಿದಳು, ನಾನು ರೊಟ್ಟಿ ಬಡಿದೆ. ಐದೂ ಜನ ಅಂಗಳದಲ್ಲಿ ಕೂತೆವು. ಕೂಸು ಮೊದಲ ತುತ್ತು ಬಾಯಿಗಿಟ್ಟಿತು. ನಾವ್ಯಾರೂ ನಮ್ಮ ತಾಟು ಮುಟ್ಟಲಿಲ್ಲ. ನುಂಗಿದಳು. ಇನ್ನೊಂದು ತುತ್ತು ಮುರಿದಳು. ಆಗ ಮಗ ತಲೆ ತಗ್ಗಿಸಿ ಉಣ್ಣತೊಡಗಿದ.

ಗಂಡ ರೊಟ್ಟಿ ಮುರಿಯುತ್ತ ಕೇಳಿದರು: "ಏನ್ಬೇ, ಆ ಕೊರವ ಈಗ ಮಾನ್ವಿ ಮುಟ್ಟಿರತದೇನು? ಬಸ್ ಸಿಕ್ಕಿತೋ ಇಲ್ಲೋ?"

ನನಗೆ ಬಾಯಲ್ಲಿದ್ದ ತುತ್ತು ನೆತ್ತಿಗೇರಿತು. ಮಗ ಸೊಸೆ ಅರ್ಥವಾಗದೆ ನಮ್ಮಿಬ್ಬರನ್ನು ನೋಡಿದರು. ಕೂಸಿಗೆ ಅದೊಂದೂ ಬೇಕಿರಲಿಲ್ಲ. ತಾಟನ್ನು ನನ್ನ ಕಡೆ ಸರಿಸಿದಳು.

"ಅಜ್ಜೀ, ಇನ್ನೊಂದ್ ತುಂಡು ಹಾಕು."