ಅಕ್ಕನ ವಡೆಹಾರ, ಭಾವನ ಮಂಡಿ

ಹೋದ ವಾರ ನಾನೂ ನನ್ನ ಭಾವನೂ ಮುಳಬಾಗಿಲಿನ ಬಸ್‌ನಿಲ್ದಾಣದಲ್ಲಿ ಶ್ರೀನಿವಾಸಪುರದ ಬಸ್ಸಿಗಾಗಿ ಕಾಯುತ್ತಿದ್ದೆವು. ತಾಯಲೂರಿನ ನಂಟರ ಮನೆಯಲ್ಲಿ ನಾಮಕರಣ ಮುಗಿಸಿಕೊಂಡು ಇನ್ನೊಬ್ಬ ನಂಟರನ್ನು ಮಾತಾಡಿಸಲು ಹೊರಟಿದ್ದೆವು. ವಯಸ್ಸಾದಂತೆ ನಂಟರು ಜಾಸ್ತಿಯಾಗುತ್ತಾರೋ ಅಥವಾ ಕೆಲಸ ಕಡಿಮೆಯಾಗಿ ಹಾಗೆ ಅನ್ನಿಸುತ್ತದೋ, ನನಗಿನ್ನೂ ತಿಳಿದಿಲ್ಲ. ಭಾವ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿಕೊಂಡು ಬರಲು ಹೋದರು. ಅಷ್ಟರಲ್ಲಿ ಪಕ್ಕದ ತಳ್ಳುಗಾಡಿಯಿಂದ ಉದ್ದಿನ ವಡೆ ಎಣ್ಣೆಗೆ ಬಿದ್ದ ವಾಸನೆ ಬಂತು. ಬರೀ ವಡೆಯಲ್ಲ, ಮೆಣಸು ಕುಟ್ಟಿ ಹಾಕಿದ ವಡೆ. ಎಣ್ಣೆಯಲ್ಲಿ ಕರಿದದ್ದನ್ನು ತಿನ್ನಬಾರದೆಂದು ಡಾಕ್ಟರು ನನಗೆ ತಾಕೀತು ಮಾಡಿದ್ದಾರೆ. ಮೂಸಬಾರದೆಂದು ಹೇಳಿಲ್ಲವಾದ್ದರಿಂದ ನಾನು ಗಾಡಿಯ ಕಡೆಗೆ ಎರಡು ಹೆಜ್ಜೆ ಸರಿದು ನಿಂತೆ.

ಆ ವಾಸನೆ ಹಿಡಿದು ಹೊರಟರೆ ಸೀದಾ ಮಾಲೂರಿನ ನಮ್ಮಕ್ಕನ ಮನೆಯ ಅಡುಗೆಕೋಣೆಗೆ ಹೋಗಿ ನಿಲ್ಲಬಹುದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಾಲಿನ ಸೊಸೈಟಿಯೊಂದರಲ್ಲಿ ಕೆಲಸ ಸಿಕ್ಕಿ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ವೆಂಕಟರವಣಪ್ಪ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಗಾರರು. ಆದರೆ ಊರಿನಲ್ಲಿ ಅವರನ್ನು ಹೆಂಚಿನಿಂದ ಯಾರೂ ಗುರುತಿಸುತ್ತಿರಲಿಲ್ಲ. ಅವರು ಮಾಲೂರಿನ ಫುಟ್‌ಬಾಲ್ ಟೀಮಿನ ಬ್ಯಾಕು. ನಮ್ಮ ಗೋಲಿನ ಹತ್ತಿರ ನಿಂತು, ಬಂದ ಚೆಂಡನ್ನು ತಡೆದು, ಬಂದ ದಿಕ್ಕಿಗೇ ಒದ್ದು ಕಳಿಸುವುದು ಅವರ ಕೆಲಸ. ಒದ್ದರೆಂದರೆ ಚೆಂಡು ಕೆರೆ ಏರಿಯ ಕಡೆ ಹಾರುತ್ತಿತ್ತು. ಅದು ಮೇಲೇರಿದ ಕೂಡಲೇ ಜನ ಒಂದೇ ದನಿಯಲ್ಲಿ "ಯಂಕಟ್ರವಣಾ… ಗೋವಿಂದಾ… ಗೋವಿಂದ!" ಎಂದು ಕೂಗುತ್ತಿದ್ದರು. ನಮ್ಮ ಸೀಮೆಯವರಿಗೆ ತಿರುಪತಿ ಬಹಳ ದೂರವೇನಲ್ಲ. ಆ ಹೆಸರಿನವನೊಬ್ಬ ಕಣ್ಣೆದುರಿಗೇ ಸಿಕ್ಕಿದರೆ ಬಿಡುತ್ತಾರೆಯೇ? ಕಂಠ ದೊಡ್ಡದೆಂಬ ಒಂದೇ ಕಾರಣಕ್ಕೆ ಮೊದಲ "ಯಂಕಟ್ರವಣಾ" ಎನ್ನುವ ಪಟ್ಟ ನನಗೆ ಬಂದಿತ್ತು. ಸೊಸೈಟಿಯಲ್ಲಿ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಭಾನುವಾರ ಮಾತ್ರ ನಾನು ಕೂಗಿದರೆ ಊರೇ ಕೂಗುತ್ತಿತ್ತು.

ಮೈದಾನದಲ್ಲಿ ಗೋವಿಂದನ ಸ್ಮರಣೆಯಾದರೆ ಮನೆಯಲ್ಲಿ ಉಪ್ಪಿನ ಶಾಖ. ಭಾನುವಾರ ಸಂಜೆ ಭಾವ ಗೋಡೆ ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಅಕ್ಕ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಅವರ ಬಲ ಮಂಡಿಗೆ ಒತ್ತುತ್ತಿದ್ದಳು. ಭಾವ ಹಲ್ಲು ಕಚ್ಚಿಕೊಂಡು "ಏನೂ ಇಲ್ಲ ಕಣೇ, ಉಳುಕಿದೆ" ಎನ್ನುತ್ತಿದ್ದರು. ಹಾಗೆ ನೋಡಿದರೆ ಆ ಮಂಡಿ ವರ್ಷಗಟ್ಟಲೆ ಉಳುಕಿಯೇ ಇತ್ತು. ಕೋಲಾರದ ಡಾಕ್ಟರೊಬ್ಬರು ನನ್ನೆದುರಿಗೇ ಬಿಡಿಸಿ ಹೇಳಿದ್ದರು: "ನೋಡಪ್ಪ, ಇದಕ್ಕೆ ಇನ್ನೊಂದು ಜೋರು ಏಟು ಬಿದ್ರೆ ಕಾಲು ಮಡಚೋಕೆ ಬರಲ್ಲ. ಆಮೇಲೆ ನನ್ನತ್ರ ಬರಬೇಡ." ಬಗ್ಗಿ ಎದ್ದು ಹೆಂಚು ಜೋಡಿಸಿ ಹೊಟ್ಟೆ ಹೊರೆಯುವವನಿಗೆ ಕಾಲು ಮಡಚಲಾಗದಿದ್ದರೆ ಗತಿ ಏನೆಂಬುದು ನಮಗೆ ಗೊತ್ತಿತ್ತು. ಅಂದಿನಿಂದ ಅಕ್ಕ ಭಾನುವಾರವೆಂದರೆ ಹೆದರುತ್ತಿದ್ದಳು. ಇವರು ಆಟ ಬಿಟ್ಟ ವಾರವೇ ಮುಳಬಾಗಿಲ ಆಂಜನೇಯನಿಗೆ ವಡೆಹಾರ ಹಾಕಿಸುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಈ ಗುಟ್ಟು ಅವಳಿಗೆ, ದೇವರಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ಆಟ ಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನೀವು ಭಾವನನ್ನು ನೋಡಿಲ್ಲ. ಎದುರಾಳಿಯ ಚೆಂಡಿಗೆ 'ಇಲ್ಲ' ಎನ್ನುತ್ತಿದ್ದ ಆ ಮನುಷ್ಯನಿಗೆ ಊರಿನವರಿಗೆ 'ಇಲ್ಲ' ಎನ್ನಲು ಬಾಯಿ ಬರುತ್ತಿರಲಿಲ್ಲ. ಒಮ್ಮೆ ಗೂಡಿನ ಪಾಪಣ್ಣನ ಹತ್ತಿರ, "ಇನ್ನು ಸಾಕೇನೋ ಅನ್ನಿಸ್ತದೆ" ಎಂದು ಮೆಲ್ಲಗೆ ಹೇಳಿ ನೋಡಿದ್ದರು. ಪಾಪಣ್ಣ ಹೆಂಚು ಸುಡುವ ಗೂಡಿಗೆ ಸೌದೆ ಒಟ್ಟುತ್ತಿದ್ದ ಮುದುಕ, ನಮ್ಮ ಅಭಿಮಾನಿಗಳ ಗುಂಪಿಗೆ ಯಜಮಾನನಿದ್ದಂತೆ. ಈ ಮಾತು ಕೇಳಿ ಅವನು ನಡುಬೀದಿಯಲ್ಲಿ ಕೂತು ಅತ್ತುಬಿಟ್ಟ. "ನೀನಿಲ್ದೆ ಟೀಮಾ? ಅಯ್ಯೋ ದೇವುಡಾ!" ಭಾವ ಗಾಬರಿಯಾಗಿ, "ತಮಾಷೆಗೆ ಅಂದೆ ಪಾಪಣ್ಣಾ" ಎಂದು ಸಮಾಧಾನ ಮಾಡಿ ಬಂದರು. ಆಮೇಲೆ ಎರಡು ಮಳೆಗಾಲ ಆಡಿದರು.

ಅಷ್ಟು ಪ್ರೀತಿಯ ಜನ ಆಟವನ್ನು ಹೇಗೆ ನೋಡುತ್ತಿದ್ದರು ಗೊತ್ತೆ? ನೋಡುತ್ತಲೇ ಇರಲಿಲ್ಲ. ಶ್ರೀನಿವಾಸಪುರದವರ ಮೇಲಿನ ಕೊನೆಯ ಪಂದ್ಯ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವರೂರಿನ ಮೈದಾನದ ಸುತ್ತ ಮಾವಿನ ತೋಪು, ಕಾಯಿ ಬಲಿತ ಕಾಲ. ಅವರ ಕಡೆ ಬಳುಕುವ ಒಬ್ಬ ಹುಡುಗ, ಚೆಂಡು ಸಿಕ್ಕಿದರೆ ಸಾಕು, ಭಾವ ಇದ್ದ ಕಡೆಗೇ ನುಗ್ಗುತ್ತಿದ್ದ. ಅವನು ಹೊರಟ ಕೂಡಲೇ ನಮ್ಮ ಗುಂಪು ಒಟ್ಟಾಗಿ ತಲೆಯೆತ್ತಿ ಮಾವಿನ ಮರ ನೋಡತೊಡಗಿತು. "ಈ ಸಲ ಫಸಲು ಚೆನ್ನಾಗೈತಲ್ವಾ?" ಎಂದ ಪಾಪಣ್ಣ. "ಹೌದೌದು, ಮಲಗೋಬ ಇರ್ಬೇಕು" ಎಂದೆ ನಾನು. ಮಲಗೋಬಕ್ಕೂ ನಾಟಿ ಕಾಯಿಗೂ ಇರುವ ವ್ಯತ್ಯಾಸ ನನಗೆ ಇಂದಿಗೂ ತಿಳಿಯದು. ಚೆಂಡು ನಮ್ಮ ಗೋಲಿನೊಳಗೆ ಹೋಯಿತೆಂದು ನಮಗೆ ಗೊತ್ತಾದದ್ದು ಶ್ರೀನಿವಾಸಪುರದವರು "ಯಂಕಟ್ರವಣಾ… ಗೋವಿಂದ!" ಎಂದು ಕೂಗಿ ನಕ್ಕಾಗ. ನಮ್ಮ ಕೂಗನ್ನು ನಮಗೇ ತಿರುಗಿಸಿ ಹೊಡೆದಿದ್ದರು. ತಿರುಗಿ ನೋಡಿದರೆ ಭಾವ ನೆಲಕ್ಕೆ ಕೈಯೂರಿ ಏಳುತ್ತಿದ್ದರು. ನನಗೆ ಕಣ್ಣು ತುಂಬಿಬಂತು. ವಾಪಸು ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಎಲ್ಲರೂ ರೆಫ್ರಿಯನ್ನು ಬೈದರು.

ಆ ಗುರುವಾರ ಸಂಜೆ ಟೀಮಿನ ಸೆಕ್ರೆಟರಿ ಮನೆಗೆ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು, ಮಳೆ ಬೆಳೆ ಮಾತಾಡಿ, ಎರಡು ಸಲ ಕೆಮ್ಮಿ, "ವೆಂಕಟರವಣಪ್ಪ, ಈ ಭಾನುವಾರದಿಂದ ನಿಮ್ಮ ಜಾಗಕ್ಕೆ ಆ ಹುಡುಗ ನಾಗರಾಜನನ್ನ ಇಳಿಸೋಣ ಅಂತ ತೀರ್ಮಾನ ಆಗಿದೆ. ತಪ್ಪು ತಿಳ್ಕೋಬೇಡಿ" ಎಂದರು. ಭಾವ, "ಆಗ್ಲಿ ಸಾರ್" ಎಂದರು. ಅಷ್ಟೇ. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಸೆಕ್ರೆಟರಿ ಮೆಟ್ಟಿಲಿಳಿದು ಹೋದ ಮೇಲೆ ಭಾವ ಕಾಲು ನೀಡಿ, ಗೋಡೆಗೆ ಒರಗಿ, ದೊಡ್ಡದಾಗಿ ಉಸಿರು ಬಿಟ್ಟು ಹೇಳಿದರು: "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸಂತೆ ಕಣೋ. ಬದುಕ್ಕೊಂಡೆ." ಒಳಗಡೆ ಅಕ್ಕ ಉದ್ದಿನಬೇಳೆಯ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಶನಿವಾರ ಆಂಜನೇಯನ ವಾರ. ಅಕ್ಕ ಬೆಳಕು ಹರಿಯುವ ಮೊದಲೇ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ವಡೆ ಕರಿಯಲು ಕೂತಳು. ದೇವರಿಗೆಂದು ಮಾಡಿದ್ದನ್ನು ಮೊದಲೇ ರುಚಿ ನೋಡುವಂತಿಲ್ಲ. ನಾನು ಬಾಗಿಲಲ್ಲಿ ನಿಂತು ವಾಸನೆ ಕುಡಿಯುತ್ತಿದ್ದೆ. ಆ ಹೊತ್ತಿಗೆ ಜಗಲಿಯ ಮೇಲೆ ಸದ್ದಾಯಿತು. ಹೋಗಿ ನೋಡಿದರೆ ಪಾಪಣ್ಣ ಮತ್ತು ಗುಂಪು. ಸುದ್ದಿ ಊರೆಲ್ಲ ಹರಡಿತ್ತು. ಟವೆಲು ಹೆಗಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಸಾಲಾಗಿ ಕೂತರು. ಭಾವನೂ ಎದುರಿಗೆ ಕೂತು ತಲೆ ತಗ್ಗಿಸಿದರು. ಹಾಗೆ ಮಾಡಿದ್ದು ಒಳ್ಳೆಯದಾಯಿತು, ಏಕೆಂದರೆ ಆ ಮುಖದಲ್ಲಿ ಎರಡು ದಿನದಿಂದ ನಗು ಅಡಗುತ್ತಿರಲಿಲ್ಲ.

"ಕಾಫಿ ತರ್ಲಾ?" ಎಂದೆ. "ಈ ಮನೇಲಿ ಇವತ್ತು ಕಾಫಿ ಕುಡಿಯೋದಾ?" ಎಂದು ಒಬ್ಬ ಮೂಗು ಒರೆಸಿಕೊಂಡ. ಆಮೇಲೆ ಗಾಳಿ ಬೀಸಿ ವಡೆಯ ವಾಸನೆ ಜಗಲಿಗೆ ಬಂತು. ನಮ್ಮ ಕಡೆ ತಿಥಿಗೂ ವಡೆಯೇ. ಪಾಪಣ್ಣ ಒಂದು ಸಲ ಮೂಸಿ, ನಿಟ್ಟುಸಿರಿಟ್ಟು, "ಮಾಡ್ಲಿ ಬಿಡು. ಹೆಣ್ಣುಮಗಳು, ಅವಳ ಸಂಕಟ ಅವಳಿಗೆ" ಎಂದ. ಹೋಗುವಾಗ ಒಬ್ಬರಾದರೂ 'ಬರ್ತೀವಿ' ಎನ್ನಲಿಲ್ಲ. ಸಾವಿನ ಮನೆಯಲ್ಲಿ ಹಾಗೆ ಹೇಳಬಾರದಲ್ಲ! ಒಬ್ಬೊಬ್ಬರೇ ಎದ್ದು ತಿರುಗಿ ನೋಡದೆ ಹೋದರು. ಭಾವ ಅಡುಗೆಕೋಣೆಗೆ ಓಡಿ, ಅಕ್ಕನ ಹಿಂದೆ ನಿಂತು, ಬಾಯಿಗೆ ಟವೆಲು ತುರುಕಿಕೊಂಡು ನಕ್ಕರು.

ಆದರೆ ಗುಂಪು ಮನೆಗೆ ಹೋಗಿರಲಿಲ್ಲ. ಅಕ್ಕ ಭಾವ ಮುಳಬಾಗಿಲಿಗೆ ಹೋಗಲು ಕೋಲಾರದ ಬಸ್ಸು ಹತ್ತಿದ ಮೇಲೆ, ಬೀದಿಯ ತಿರುವಿನಲ್ಲಿ ನನ್ನನ್ನು ಹಿಡಿದರು. "ನಡಿಯೋ, ಸೆಕ್ರೆಟ್ರಿ ಮನೆ ಮುಂದೆ ಕೂಗಬೇಕು. ನಿನ್ನ ಗಂಟಲಿದ್ರೆ ಆಗ್ತದೆ." ಅಲ್ಲಿ ಆಗದೆಂದು ಹೇಳಿದ್ದರೆ ಹೆಂಡತಿಯ ತಮ್ಮನೇ ಭಾವನಿಗೆ ಎರಡು ಬಗೆದ ಎನ್ನುತ್ತಿದ್ದರು. ಹೀಗಾಗಿ, ಅದು ನೆರವೇರಬಾರದೆಂದು ಮನಸ್ಸಿನಲ್ಲೇ ಆಂಜನೇಯನನ್ನು ಬೇಡಿಕೊಳ್ಳುತ್ತ, "ಯಂಕಟ್ರವಣಣ್ಣ ಬೇಕೇ ಬೇಕು!" ಎಂದು ಕಿರುಚಿದವನು ನಾನೇ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಕೂಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೆಕ್ರೆಟರಿ ಹೊರಗೆ ಬಂದು ಕೈ ಮುಗಿದು, "ಆಡ್ಲಿ, ನಾಳೆನೂ ಅವ್ರೇ ಆಡ್ಲಿ" ಎಂದುಬಿಟ್ಟರು. ಜನ ನನ್ನನ್ನು ಎತ್ತಿ ಕುಣಿದರು.

ಸಂಜೆ ಅಕ್ಕ ಭಾವ ಹಿಂದಿರುಗಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಗುಂಪು ಸುಗಂಧರಾಜದ ಹಾರ ಹಿಡಿದು ಬಂದಿತು. "ಅಣ್ಣಾ, ನಾಳೆ ನೀನೇ! ಸೆಕ್ರೆಟ್ರಿ ಒಪ್ಕೊಂಡ!" ಭಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಕೈ ತಂತಾನೆ ಮಂಡಿಯ ಮೇಲೆ ಹೋಯಿತು. ಬಾಯಿ ತೆರೆದರು. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. 'ಆಗ್ಲಿ' ಎನ್ನುತ್ತಾರೆ. ಇನ್ನೊಂದು ಕ್ಷಣದಲ್ಲಿ ಆ ಕಾಲು ಊರಿನವರ ಪಾಲಾಗುತ್ತಿತ್ತು.

"ಮೊದ್ಲು ಪ್ರಸಾದ ತಗೊಳ್ಳಿ, ಆಮೇಲೆ ಮಾತು" ಎಂದಳು ಅಕ್ಕ. ಮುತ್ತುಗದೆಲೆಯ ಪೊಟ್ಟಣ ಬಿಚ್ಚಿ, ಸ್ವಾಮಿಯ ಕೊರಳಿನಿಂದ ಬಂದ ವಡೆಗಳನ್ನು ಒಬ್ಬೊಬ್ಬರ ಕೈಗೂ ಒಂದೊಂದಾಗಿ ಇಟ್ಟಳು. ಎಲ್ಲರೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕೊನೆಯವನು ನುಂಗುವವರೆಗೂ ಅವಳು ತುಟಿ ಬಿಚ್ಚಲಿಲ್ಲ.

"ಏನ್ ಹರಕೆ ತಾಯಿ?" ಎಂದ ಪಾಪಣ್ಣ.

"ಇವ್ರು ಆಟ ಬಿಟ್ರೆ ವಡೆಹಾರ ಹಾಕಿಸ್ತೀನಿ ಅಂತಿದ್ದೆ ಪಾಪಣ್ಣನೋರೇ. ಬಿಟ್ರು, ಹಾಕಿಸ್ದೆ. ನೀವೆಲ್ಲಾ ತಿಂದ್ರಿ. ಇನ್ನು ನಾಳೆ ಇಳಿದ್ರೆ ಆ ಸ್ವಾಮಿ ಹತ್ರ ನಾನು ಏನಂತ ಹೇಳ್ಲಿ? ನೀವೇ ಹೇಳಿಕೊಡಿ."

ಪಂದ್ಯಕ್ಕೆ ಮೊದಲು ಆಂಜನೇಯನ ಪಟಕ್ಕೆ ಕಾಯಿ ಒಡೆಯದೆ ಮೈದಾನಕ್ಕೆ ಕಾಲಿಡದ ಜನ ಅದು. ಹಾರ ಹಿಡಿದವನು ಹಾರವನ್ನು ಬೆನ್ನ ಹಿಂದೆ ಇಟ್ಟುಕೊಂಡ. ಪಾಪಣ್ಣ ಜಗಲಿಯ ಮೇಲೆ ಕುಸಿದು ಕೂತ. ಮತ್ತೆ ಅಳುತ್ತಾನೆಂದುಕೊಂಡೆ. ಮುದುಕ ಟವೆಲಿನಿಂದ ಮುಖ ಒರೆಸಿಕೊಂಡು, "ನಿಜ ಹೇಳ್ಲಾ ತಾಯಿ? ಬದುಕಿದೆ. ಇವನು ಬೀಳೋದು ನೋಡೋಕಾಗ್ದೆ ನಾನು ಮರ ನೋಡ್ತಿದ್ದೆ. ನಾಳೆನೂ ನೋಡಬೇಕಲ್ಲಪ್ಪಾ ಅಂತ ದಾರಿಯೆಲ್ಲಾ ಅದೇ ಯೋಚ್ನೆ" ಎಂದ. "ನಂಗೂ ಕಣಣ್ಣಾ" ಎಂದ ಪಕ್ಕದವನು. "ನಾನು ಕಣ್ಣೇ ಮುಚ್ಕೊಂತಿದ್ದೆ" ಎಂದ ಮತ್ತೊಬ್ಬ. "ಮತ್ತೆ ಯಾಕ್ರಯ್ಯಾ ಸೆಕ್ರೆಟ್ರಿ ಮನೆಗೆ ಹೋದ್ರಿ?" ಎಂದು ಭಾವ ಕೇಳಿದರು. ಪಾಪಣ್ಣ ನನ್ನ ಕಡೆ ಬೆರಳು ತೋರಿಸಿ, "ನಿನ್ನ ಬಾಮೈದನೇ ಹಂಗೆ ಕೂಗ್ತಿದ್ರೆ ನಾವು ಸುಮ್ನಿರೋದು ಹೆಂಗಪ್ಪಾ?" ಎಂದ. ಜಗಲಿಯೆಲ್ಲ ನಗುವಾಯಿತು. ಎಲ್ಲರೂ ಕಾಫಿ ಕುಡಿದರು. ಹೊರಡುವಾಗ ಎಲ್ಲರೂ "ಬರ್ತೀವಿ ಅಣ್ಣಾ, ಬರ್ತೀವಿ ಅಕ್ಕಾ" ಎಂದು ಬಾಯಿ ತುಂಬ ಹೇಳಿ ಹೋದರು.

ಮರುದಿನ ನಾಗರಾಜ ಆಡಿದ. ಭಾವ ನಮ್ಮ ನಡುವೆ ಕಡಲೆಕಾಯಿ ಪೊಟ್ಟಣ ಹಿಡಿದು ಕೂತರು. ಅರ್ಧ ಪೊಟ್ಟಣ ಖಾಲಿ ಮಾಡಿದರು. ಆಮೇಲೆ ಎದ್ದು ನಿಂತು, "ಲೇ ನಾಗರಾಜಾ, ಕಾಲಿಗೇನ್ ಗೆಜ್ಜೆ ಕಟ್ಕೊಂಡಿದ್ದೀಯೇನ್ಲಾ? ಒದೀಯೋ!" ಎಂದು ಅಬ್ಬರಿಸಿದರು. ನನ್ನ ಕಂಠಕ್ಕಿಂತ ಅವರದೇ ದೊಡ್ಡದೆಂದು ಅಂದು ತಿಳಿಯಿತು. ಇಷ್ಟು ವರ್ಷ ಅದು ಮೈದಾನದೊಳಗೆ ವ್ಯರ್ಥವಾಗಿತ್ತು.

ನಿಲ್ದಾಣದಲ್ಲಿ ಇಷ್ಟೆಲ್ಲ ನೆನೆಯುತ್ತ ನಿಂತವನಿಗೆ ಶ್ರೀನಿವಾಸಪುರದ ಬಸ್ಸು ಬಂದು, ತುಂಬಿ, ಹೊರಟದ್ದೂ ತಿಳಿಯಲಿಲ್ಲ. ಇಂಥದ್ದನ್ನು ನೆನೆಸಿಕೊಂಡಾಗಲೆಲ್ಲ ಒಂದು ಚಿಂತೆ ಕಾಡುತ್ತಿತ್ತು: 'ಬದುಕ್ಕೊಂಡೆ' ಎಂದು ಅವರು ನಕ್ಕರೂ, ಅಂದು ನಾವೆಲ್ಲ ಸೇರಿ ಭಾವನಿಂದ ಅವರ ಆಟವನ್ನು ಕಿತ್ತುಕೊಂಡೆವೇ? "ಏಯ್, ಬಾರೋ! ಬಸ್ಸು!" ಎಂಬ ಕೂಗು ಕೇಳಿ ತಲೆಯೆತ್ತಿದೆ. ಎಂಬತ್ತರ ಹತ್ತಿರದ ನನ್ನ ಭಾವ, ಪಂಚೆ ಎತ್ತಿ ಕಟ್ಟಿಕೊಂಡು, ಹೊರಟ ಬಸ್ಸಿನ ಹಿಂದೆ ಓಡುತ್ತಿದ್ದರು. ಓಡಿ, ಬಾಗಿಲಿನ ಹತ್ತಿರ ತಗಡನ್ನು ದಬದಬ ಬಡಿದು, ಬಸ್ಸು ನಿಲ್ಲಿಸಿ, ಬಲಗಾಲು ಮೊದಲು ಎತ್ತಿಟ್ಟು ಮೇಲೆ ಹತ್ತಿದರು. ನಾನು ಅವರಿಗಿಂತ ಎಷ್ಟೋ ಚಿಕ್ಕವನು. ಏದುಸಿರು ಬಿಡುತ್ತ ಹೋಗಿ ಸೇರಿಕೊಂಡೆ. ಕಿಟಕಿಯ ಪಕ್ಕ ಸೀಟು ಹಿಡಿದು ಕೂತಿದ್ದ ಭಾವ ಪಂಚೆ ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಓಡ್ದೆ ಅಂತ ನಿಮ್ಮಕ್ಕಂಗೆ ಹೇಳ್ಬೇಡ."